ಕಿಡಿ ಹಾರಿದ ಮೇಲೆ ಕಾರಿನ ಸ್ಟೀರಿಯೊ ಸುಮ್ಮನಾದರೆ ಎಲ್ಲಿಂದ ಹುಡುಕಬೇಕು?

ಒಂದು ರಾತ್ರಿ ನನ್ನ ಕಾರಿನ ಬ್ಯಾಟರಿ ಪೂರ್ತಿ ಡೌನ್ ಆಗಿತ್ತು. ಪಕ್ಕದಲ್ಲಿ ಇನ್ನೊಂದು ಕಾರು ನಿಲ್ಲಿಸಿಕೊಂಡು ಜಂಪರ್ ಕೇಬಲ್ ಹಾಕಿದೆವು. ಬೆಳಕು ಸಾಲದು. ಕೆಂಪು ಕ್ಲಿಪ್ ಹೋಗಬೇಕಾದ ಕಡೆ ಕಪ್ಪು ಕ್ಲಿಪ್ ಹೋಯಿತು. ಚಟ್ ಅಂತ ದೊಡ್ಡ ಕಿಡಿ ಹಾರಿತು. ಕೂಡಲೇ ಕಿತ್ತು ಸರಿಯಾಗಿ ಹಾಕಿದೆವು. ಕಾರು ಸ್ಟಾರ್ಟ್ ಆಯಿತು. ಲೈಟ್, ಹಾರ್ನ್, ವೈಪರ್ ಎಲ್ಲವೂ ಕೆಲಸ ಮಾಡಿದವು. ಸ್ಟೀರಿಯೊ ಮಾತ್ರ ಕಲ್ಲಿನ ಹಾಗೆ ಕೂತಿತ್ತು. ದೀಪವಿಲ್ಲ, ಗಡಿಯಾರವಿಲ್ಲ, ಸದ್ದಿಲ್ಲ.

ಮರುದಿನ ತೋರಿಸಿದ ಕಡೆಯೆಲ್ಲ ಒಂದೇ ಮಾತು: ಸೆಟ್ ಸುಟ್ಟಿದೆ, ಹೊಸದು ಹಾಕಿಸಿ. ಯಾರೂ ಮೀಟರ್ (ವೋಲ್ಟೇಜ್, ತಡೆ ಅಳೆಯುವ ಮಲ್ಟಿಮೀಟರ್) ಹಿಡಿದು ನೋಡಲಿಲ್ಲ. ಆಮೇಲೆ ನಾನೇ ಕೂತು ಹುಡುಕಿದೆ. ಕೆಟ್ಟಿದ್ದು ಎರಡೇ ವಸ್ತು: ಒಂದು ಫ್ಯೂಸ್ ಮತ್ತು ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಡಯೋಡ್. ಆ ಸೆಟ್ ಇವತ್ತಿಗೂ ಹಾಡುತ್ತಿದೆ.

ಆಮೇಲೆ ಗೆಳೆಯರ ಕಾರುಗಳಲ್ಲೂ ಇದೇ ಕೆಲಸಕ್ಕೆ ಕೂತಿದ್ದೇನೆ. ಪ್ರತಿ ಸಲವೂ ನನಗೆ ದಾರಿ ತೋರಿಸಿದ್ದು ಒಂದೇ ಪ್ರಶ್ನೆ: ಸ್ಟೀರಿಯೊ ನಿಲ್ಲುವ ಮೊದಲು ಏನು ನಡೆಯಿತು? ಕೇಬಲ್ ಉಲ್ಟಾ ಆಯಿತೋ, ವೈರ್ ಶಾರ್ಟ್ ಆಯಿತೋ, ವೋಲ್ಟೇಜ್ ಜಾಸ್ತಿ ಬಂತೋ, ಇಲ್ಲ ಬ್ಯಾಟರಿ ಇಳಿದು ಹೋಗಿತ್ತೋ? ಒಂದೊಂದು ಎಡವಟ್ಟೂ ಒಂದೊಂದು ಜಾಗದಲ್ಲಿ ಗಾಯ ಮಾಡುತ್ತದೆ. ಅದು ಗೊತ್ತಾದರೆ ಅರ್ಧ ಹುಡುಕಾಟ ಮುಗಿದ ಹಾಗೆ.

ಸೆಟ್‌ಗೆ ಬೇಕಾದ ಮೂರು ವೈರ್

ಸ್ಟೀರಿಯೊ ಹಿಂದಿರುವ ವೈರ್‌ಗಳ ಕಂತೆ ನೋಡಿ ಹೆದರಬೇಡಿ. ಅದರಲ್ಲಿ ಎಂಟು ವೈರ್ ಸ್ಪೀಕರ್‌ಗಳಿಗೆ ಹೋಗುವವು. ಸೆಟ್‌ಗೆ ಜೀವ ಬರಲು ಬೇಕಾದದ್ದು ಮೂರೇ. ಹೊರಗಡೆ ಕೊಂಡು ಹಾಕಿಸುವ ಸೆಟ್‌ಗಳಲ್ಲಿ ಇವುಗಳ ಬಣ್ಣ ಬಹುತೇಕ ಒಂದೇ ಥರ ಇರುತ್ತದೆ. ಹಳದಿ ವೈರ್ ಬ್ಯಾಟರಿಯಿಂದ ಸದಾ ಕರೆಂಟ್ ತರುತ್ತದೆ. ಕೀ ತೆಗೆದಿಟ್ಟರೂ ಅದರಲ್ಲಿ 12 ವೋಲ್ಟ್ ಇರಬೇಕು. ಕೆಂಪು ವೈರ್‌ಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್. ಕಪ್ಪು ವೈರ್ ಅರ್ಥ್. ಹೋದ ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರುವ ದಾರಿ ಅದು.

ಹಾಡಿಗೆ ಬೇಕಾದ ಶಕ್ತಿ ಕೆಂಪು ವೈರ್‌ನಲ್ಲಿ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಹುಪಾಲು ಸೆಟ್‌ಗಳಲ್ಲಿ ಹಾಗಿಲ್ಲ. ಶಕ್ತಿ ಬರುವುದು ಹಳದಿಯಲ್ಲಿ. ಕೆಂಪು ವೈರ್ ಬರೀ 'ಕೀ ಆನ್ ಆಗಿದೆ, ಏಳು' ಅಂತ ಸೆಟ್‌ಗೆ ಹೇಳುತ್ತದೆ, ಅಷ್ಟೇ. ಇದು ನೆನಪಿದ್ದರೆ ಲಕ್ಷಣ ನೋಡಿಯೇ ಎಷ್ಟೋ ಹೇಳಬಹುದು. ಹಳದಿ ಸತ್ತರೆ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಕೆಂಪು ಸತ್ತರೆ ಸೆಟ್ ಏಳುವುದಿಲ್ಲ, ಆದರೆ ನೆನಪು ಹಾಗೇ ಉಳಿದಿರುತ್ತದೆ. ಹಳದಿ ಮತ್ತು ಕೆಂಪು ಅದಲು ಬದಲಾಗಿದ್ದರೆ ಸೆಟ್ ಚೆನ್ನಾಗಿ ಹಾಡುತ್ತದೆ, ಆದರೆ ಪ್ರತಿ ಸಲ ಕೀ ತೆಗೆದಾಗ ಗಡಿಯಾರ, ಸ್ಟೇಷನ್ ಎಲ್ಲ ಮರೆತುಬಿಡುತ್ತದೆ.

ಕಾರಿನ ಕಂಪನಿಯೇ ಹಾಕಿದ ವೈರ್‌ಗಳಿಗೆ ಈ ಬಣ್ಣದ ಲೆಕ್ಕ ಹಿಡಿಯುವುದಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ. ಐಎಸ್ಒ ಕನೆಕ್ಟರ್ (ಅಂತಾರಾಷ್ಟ್ರೀಯ ಮಾನದಂಡದ ಪ್ಲಗ್) ಇರುವ ಕಾರಾದರೆ ಪವರ್ ಕನೆಕ್ಟರ್‌ನ 4ನೇ ಪಿನ್ ಸದಾ ಕರೆಂಟ್, 7ನೇದು ಕೀ ಕರೆಂಟ್, 8ನೇದು ಅರ್ಥ್. ಅದರಲ್ಲೂ ಯುರೋಪಿನ ಕೆಲವು ಕಾರುಗಳಲ್ಲಿ 4 ಮತ್ತು 7 ಅದಲು ಬದಲಾಗಿರುತ್ತವೆ. ಹಾಗಾಗಿ ಬಣ್ಣ ನಂಬಬೇಡಿ, ಮೀಟರ್ ನಂಬಿ.

ನಡೆದದ್ದು ಏನು?

ಎಲ್ಲಕ್ಕಿಂತ ಸಾಮಾನ್ಯ ಮತ್ತು ಎಲ್ಲಕ್ಕಿಂತ ಹಗುರವಾದ ಎಡವಟ್ಟು ಶಾರ್ಟ್. ಸ್ಟೀರಿಯೊ ಬಿಚ್ಚುವಾಗ ಬ್ಯಾಟರಿ ತೆಗೆಯದೆ ಕೈ ಹಾಕಿದಿರಿ, ಸುಲಿದ ವೈರ್ ಬಾಡಿಗೆ ತಾಗಿತು. ಇಲ್ಲವೇ ಸಿಗರೇಟ್ ಲೈಟರ್ ಸಾಕೆಟ್ ಒಳಗೆ ಒಂದು ನಾಣ್ಯ ಬಿತ್ತು. ಎಷ್ಟೋ ಕಾರುಗಳಲ್ಲಿ ಆ ಸಾಕೆಟ್‌ಗೂ ಸ್ಟೀರಿಯೊಗೂ ಒಂದೇ ಫ್ಯೂಸ್. ಫೋನ್ ಚಾರ್ಜರ್ ಸಾಕೆಟ್‌ನಲ್ಲಿ ಮುರಿದು ಶಾರ್ಟ್ ಆದರೆ ಹಾಡು ನಿಲ್ಲುತ್ತದೆ. ಜನ ಸ್ಟೀರಿಯೊ ಬಿಚ್ಚಿ ನೋಡುತ್ತಾರೆ, ಸಾಕೆಟ್ ಕಡೆ ತಿರುಗಿಯೂ ನೋಡುವುದಿಲ್ಲ. ಶಾರ್ಟ್ ಆದ ಕರೆಂಟ್ ಸೆಟ್ ಒಳಗೆ ಹೋಗಿಯೇ ಇರುವುದಿಲ್ಲ. ಹೊರಗೇ ಅಡ್ಡದಾರಿ ಹಿಡಿದು ಫ್ಯೂಸ್ ಸುಟ್ಟು ನಿಂತಿರುತ್ತದೆ. ಕಾರಣ ಸರಿಮಾಡಿ ಫ್ಯೂಸ್ ಬದಲಾಯಿಸಿದರೆ ಮುಗಿಯಿತು.

ಎರಡನೆಯದು ನನಗೆ ಆದದ್ದು: ಪ್ಲಸ್ ಮೈನಸ್ ಉಲ್ಟಾ ಆಗುವುದು. ಇದಕ್ಕೆ ಸೆಟ್ ಒಳಗೇ ಒಬ್ಬ ಕಾವಲುಗಾರ ಇರುತ್ತಾನೆ. ಬಹಳಷ್ಟು ಸೆಟ್‌ಗಳಲ್ಲಿ ಪವರ್ ವೈರ್‌ಗೂ ಅರ್ಥ್‌ಗೂ ನಡುವೆ ಒಂದು ಡಯೋಡ್ ಹಾಕಿರುತ್ತಾರೆ. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು. ಕರೆಂಟ್ ಸರಿಯಾಗಿ ಬರುತ್ತಿರುವಾಗ ಅದು ಮುಚ್ಚಿಕೊಂಡಿರುತ್ತದೆ, ಇದ್ದೂ ಇಲ್ಲದ ಹಾಗೆ. ಉಲ್ಟಾ ಬಂದ ಕೂಡಲೇ ತೆರೆದುಕೊಳ್ಳುತ್ತದೆ. ಬಂದ ಕರೆಂಟನ್ನೆಲ್ಲ ತನ್ನ ಮೈಮೇಲೆ ಎಳೆದುಕೊಂಡು, ಚಿಪ್‌ಗಳ ಕಡೆ ಬಿಡದೆ ನೇರ ಆಚೆ ದಾಟಿಸುತ್ತದೆ. ಆ ರಭಸಕ್ಕೆ ಫ್ಯೂಸ್ ಹಾರುತ್ತದೆ, ಒಳಗಿನ ಚಿಪ್‌ಗಳು ಉಳಿದುಕೊಳ್ಳುತ್ತವೆ. ಆದರೆ ಫ್ಯೂಸ್ ಹಾರುವಷ್ಟರಲ್ಲಿ ಡಯೋಡ್ ಕೂಡ ಬೆಂದು ಎರಡೂ ಕಡೆಗೆ ತೆರೆದ ಬಾಗಿಲಾಗಿ ಉಳಿಯುವುದುಂಟು. ಆಗ ಹೊಸ ಫ್ಯೂಸ್ ಹಾಕಿದ ಕ್ಷಣವೇ ಅದೂ ಹಾರುತ್ತದೆ. ಇನ್ನೊಂದು ಹಾಕಿದರೆ ಅದೂ ಹಾರುತ್ತದೆ. ಇಲ್ಲಿಗೆ ಬಂದಾಗ ಜನ 'ಸೆಟ್ ಪೂರ್ತಿ ಸುಟ್ಟಿದೆ' ಅಂತ ತೀರ್ಮಾನ ಮಾಡುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಸೆಟ್ಟನ್ನು ಕಾಪಾಡಲು ಪ್ರಾಣ ಕೊಟ್ಟ ಒಂದು ಡಯೋಡ್‌ಗಾಗಿ ಇಡೀ ಸೆಟ್ ಕಸಕ್ಕೆ ಹೋಗುತ್ತದೆ.

ಹಳೆಯ ಕಾರುಗಳ ಪ್ರೀತಿ ಇರುವವರಿಗೆ ಇಲ್ಲೊಂದು ಮಾತು. 1960ರ ದಶಕದ ಮಧ್ಯದವರೆಗೂ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಸಾಮಾನ್ಯವಾಗಿತ್ತು. ಅಂದರೆ ಕಾರಿನ ಬಾಡಿಯೇ ಪ್ಲಸ್. ಅಂಥ ಕಾರಿಗೆ ಇವತ್ತಿನ ಸ್ಟೀರಿಯೊ ಹಾಕಿ ಕಪ್ಪು ವೈರ್ ಬಾಡಿಗೆ ಕೊಟ್ಟರೆ ಯಾರೂ ತಪ್ಪು ಮಾಡದೆಯೇ ಉಲ್ಟಾ ಆಗುತ್ತದೆ. ಮೊದಲು ಬ್ಯಾಟರಿಯ ಯಾವ ಕಂಬ ಬಾಡಿಗೆ ಸೇರಿದೆ ಅಂತ ನೋಡಿಕೊಳ್ಳಿ.

ಮೂರನೆಯದು ವೋಲ್ಟೇಜ್ ಜಾಸ್ತಿಯಾಗುವುದು. ಇದು ನಿಜವಾಗಿ ಸೆಟ್ ಕೊಲ್ಲುವ ಎಡವಟ್ಟು. ಲಾರಿಯ 24 ವೋಲ್ಟ್‌ನಿಂದ ಕಾರಿಗೆ ಕೇಬಲ್ ಎಳೆದರೆ ಹೀಗಾಗಬಹುದು. ಇನ್ನೂ ಕೆಟ್ಟದ್ದು ಒಂದಿದೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚುವುದು. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಸರಿ ಇದೆಯಾ ನೋಡಲು ಹೀಗೆ ಮಾಡಿ ಅಂತ ಈಗಲೂ ಹೇಳುವವರಿದ್ದಾರೆ. ಕಾರಿನಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲದ ಕಾಲದ ಅಭ್ಯಾಸ ಅದು. ಈಗ ಮಾಡಲೇಬಾರದು.

ಯಾಕೆ ಅಂದರೆ, ನೀವು ಮುಚ್ಚಿದ ಬಾಗಿಲನ್ನು ಮೈಭಾರ ಹಾಕಿ ತಳ್ಳುತ್ತಿದ್ದೀರಿ ಅಂದುಕೊಳ್ಳಿ. ಆಚೆಯಿಂದ ಯಾರೋ ಚಿಲಕ ತೆಗೆದರೆ ಏನಾಗುತ್ತದೆ? ಹಾಕಿದ್ದ ಬಲವೆಲ್ಲ ಹಾಗೇ ಮುನ್ನುಗ್ಗುತ್ತದೆ, ನಿಲ್ಲಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಾ ಅದೇ ರೀತಿ ತಳ್ಳುತ್ತಿರುತ್ತದೆ. ಬ್ಯಾಟರಿ ಕಳಚಿಕೊಂಡಾಗ ಆಲ್ಟರ್ನೇಟರ್ ಒಳಗಿನ ಕಾಂತ ಬಲ ಅದೇ ಕ್ಷಣಕ್ಕೆ ಇಳಿಯುವುದಿಲ್ಲ. ಆ ಶಕ್ತಿಯೆಲ್ಲ ವೋಲ್ಟೇಜ್ ಆಗಿ ಮೇಲೇಳುತ್ತದೆ. ಕಾರಿನ ಬಿಡಿಭಾಗಗಳ ಪರೀಕ್ಷೆಗೆ ಇರುವ ಐಎಸ್ಒ 16750 ಮಾನದಂಡದಲ್ಲಿ, ಏರಿಕೆ ತಗ್ಗಿಸುವ ವ್ಯವಸ್ಥೆ ಇಲ್ಲದ 12 ವೋಲ್ಟ್ ಕಾರಿಗೆ ಈ ಏರಿಕೆಯನ್ನು 79ರಿಂದ 101 ವೋಲ್ಟ್ ಅಂತ ಹಿಡಿಯುತ್ತಾರೆ. ಅದು ಇರುವ ಹೊತ್ತು 40ರಿಂದ 400 ಮಿಲಿಸೆಕೆಂಡ್. ಕಣ್ಣು ಮಿಟುಕಿಸುವಷ್ಟು ಸಮಯ. ಫ್ಯೂಸ್ ಇದನ್ನು ಹಿಡಿಯುವುದಿಲ್ಲ. ಫ್ಯೂಸ್ ಬಿಸಿಯಾಗಿ ಕರಗಬೇಕು, ಅದಕ್ಕೆ ಸಮಯ ಬೇಕು. ಸಾಮಾನ್ಯ ಬ್ಲೇಡ್ ಫ್ಯೂಸ್ ತನ್ನ ಅಳತೆಗಿಂತ ಎರಡು ಪಟ್ಟು ಕರೆಂಟ್ ಹರಿದರೂ ಕೆಲವು ಸೆಕೆಂಡು ತಾಳಿಕೊಳ್ಳಬಹುದು. ಅಷ್ಟು ಹೊತ್ತಿನಲ್ಲಿ ಚಿಪ್ ಸತ್ತು ತಣ್ಣಗಾಗಿರುತ್ತದೆ. ಫ್ಯೂಸ್ ಇರುವುದು ವೈರ್‌ಗೆ ಬೆಂಕಿ ಹಿಡಿಯದಿರಲಿ ಅಂತ, ಚಿಪ್ ಕಾಯಲು ಅಲ್ಲ.

ನಾಲ್ಕನೆಯದು ವೋಲ್ಟೇಜ್ ಕಡಿಮೆಯಾಗುವುದು. ಸತ್ತ ಬ್ಯಾಟರಿಯಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದಾಗ ವೋಲ್ಟೇಜ್ ಕುಸಿದು ಏಳುತ್ತಾ ಇರುತ್ತದೆ. ಸೆಟ್ ಒಳಗಿನ ಪುಟ್ಟ ಕಂಪ್ಯೂಟರ್ ಅರ್ಧಂಬರ್ಧ ಎದ್ದು ಗೊಂದಲಕ್ಕೆ ಬಿದ್ದು ನಿಂತುಬಿಡುತ್ತದೆ. ಇಲ್ಲಿ ಏನೂ ಸುಟ್ಟಿರುವುದಿಲ್ಲ. ಮುಂಭಾಗದಲ್ಲಿ ಸೂಜಿ ತೂತಿನಂಥ ರೀಸೆಟ್ ಇದ್ದರೆ ಒತ್ತಿ ನೋಡಿ. ಇಲ್ಲವಾದರೆ ಸೆಟ್‌ನ ಕನೆಕ್ಟರ್ ಕಳಚಿ ಹದಿನೈದು ನಿಮಿಷ ಬಿಟ್ಟು ಮತ್ತೆ ಹಾಕಿ. ಕಂಪನಿ ಸೆಟ್ ಎದ್ದು 'ಕೋಡ್' ಅಥವಾ 'ಸೇಫ್' ಅಂತ ತೋರಿಸಿದರೆ ಗಾಬರಿ ಬೇಡ. ಅದು ಕಳ್ಳತನ ತಡೆಯುವ ಬೀಗ. ಬ್ಯಾಟರಿ ಹೋಗಿ ಬಂದದ್ದನ್ನೇ ಕಳವು ಅಂತ ತಿಳಿದಿದೆ, ಅಷ್ಟೇ. ಕೋಡ್ ಕಾರಿನ ಕಾಗದಪತ್ರದ ಜೊತೆ ಇರಬಹುದು. ಊಹಿಸಿ ಒತ್ತುತ್ತಾ ಹೋಗಬೇಡಿ, ತಪ್ಪು ಜಾಸ್ತಿಯಾದರೆ ಬೀಗ ಗಂಟೆಗಟ್ಟಲೆ ಬಿಗಿಯಾಗುತ್ತದೆ.

ಫ್ಯೂಸ್ ಮತ್ತು ಒಂದು ಬಲ್ಬ್

ಏನು ನಡೆದಿದ್ದರೂ ಹುಡುಕಾಟ ಶುರುವಾಗುವುದು ಫ್ಯೂಸ್‌ನಿಂದಲೇ. ಒಂದೇ ಕಡೆ ನೋಡಿ ಬಿಡಬೇಡಿ. ಡ್ಯಾಶ್‌ಬೋರ್ಡ್ ಕೆಳಗಿನ ಪೆಟ್ಟಿಗೆಯಲ್ಲಿ ಒಂದಿರುತ್ತದೆ, ಬಾನೆಟ್ ಒಳಗಿನ ಪೆಟ್ಟಿಗೆಯಲ್ಲಿ ದೊಡ್ಡದೊಂದಿರುತ್ತದೆ, ಸೆಟ್‌ನ ಬೆನ್ನಲ್ಲೇ ಮೂರನೆಯದು. ಈ ಮೂರನೆಯದನ್ನು ಜನ ಮರೆಯುತ್ತಾರೆ. ಅದು ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. ಬ್ಲೇಡ್ ಫ್ಯೂಸ್‌ಗಳಲ್ಲಿ 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು.

ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸ್ ಒಳಗೆ ಬಿರುಕು ಬಿಟ್ಟಿರಬಹುದು. ಬ್ಲೇಡ್ ಫ್ಯೂಸ್‌ನ ತಲೆ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆ ಕಾಣುತ್ತವೆ. ಮೀಟರ್ ಮುಟ್ಟಿಸಲೆಂದೇ ಅವನ್ನು ಬಿಟ್ಟಿರುತ್ತಾರೆ. ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಗೆ ಹಿಡಿದು ಕೆಂಪು ಕಡ್ಡಿಯಿಂದ ಎರಡೂ ಚುಕ್ಕೆ ಮುಟ್ಟಿ. ಎರಡರಲ್ಲೂ 12 ಇದ್ದರೆ ಫ್ಯೂಸ್ ಸರಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಇಲ್ಲದಿದ್ದರೆ ಅದಕ್ಕೂ ಹಿಂದೆ ಎಲ್ಲೋ ತುಂಡಾಗಿದೆ. ಕೀ ಆನ್ ಮಾಡಿ ನೋಡುವುದು ಮರೆಯಬೇಡಿ.

ಹೊಸ ಫ್ಯೂಸ್ ಹಾಕಿದಿರಿ, ಅದೂ ಹೋಯಿತು. ಈಗ ದಯವಿಟ್ಟು ದೊಡ್ಡ ಫ್ಯೂಸ್ ಹಾಕಬೇಡಿ. ನನಗೂ ಒಬ್ಬರು '30 ಹಾಕಿ ನೋಡಿ, ನಿಲ್ಲುತ್ತೆ' ಅಂದಿದ್ದರು. ನಿಲ್ಲುತ್ತದೆ, ನಿಜ. ಫ್ಯೂಸ್ ಬದಲು ಡ್ಯಾಶ್‌ಬೋರ್ಡ್ ಒಳಗಿನ ವೈರ್ ಕರಗಲು ಶುರುವಾಗುತ್ತದೆ.

ಅದರ ಬದಲು ಒಂದು ಬಲ್ಬ್ ತನ್ನಿ. ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್, 21 ವ್ಯಾಟ್ ಬಲ್ಬ್ ಸಾಕು. ಎಲ್‌ಇಡಿ ಬೇಡ, ತಂತಿ ಉರಿಯುವ ಹಳೆಯ ಥರದ್ದೇ ಬೇಕು. ಅದರ ಎರಡು ತುದಿಗೆ ವೈರ್ ಬೆಸೆದು ಫ್ಯೂಸ್ ಇದ್ದ ಜಾಗಕ್ಕೆ ಸಿಕ್ಕಿಸಿ. ಈಗ ಎಂಥ ಶಾರ್ಟ್ ಇದ್ದರೂ ಬಲ್ಬ್ ಮೂಲಕ ಹರಿಯುವುದು ಹೆಚ್ಚೆಂದರೆ ಎರಡು ಆಂಪಿಯರ್ ಒಳಗೆ. ವೈರ್ ಸುಡುವುದಿಲ್ಲ, ಫ್ಯೂಸ್ ಖರ್ಚಾಗುವುದಿಲ್ಲ. ಬಲ್ಬ್ ಝಗ್ ಅಂತ ಪೂರ್ತಿ ಉರಿದರೆ ಶಾರ್ಟ್ ಇನ್ನೂ ಇದೆ. ಉರಿಯದಿದ್ದರೆ ಅಥವಾ ಮಂಕಾಗಿ ಕೆಂಪಗಿದ್ದರೆ ಶಾರ್ಟ್ ಇಲ್ಲ.

ಇದರ ನಿಜವಾದ ಸುಖ ಮುಂದೆ ಗೊತ್ತಾಗುತ್ತದೆ. ಬಲ್ಬ್ ಉರಿಯುತ್ತಿರಲಿ. ಒಂದೊಂದೇ ಕನೆಕ್ಟರ್ ಕಳಚುತ್ತಾ ಬನ್ನಿ. ಸ್ಟೀರಿಯೊದ ಕನೆಕ್ಟರ್ ಎಳೆದ ಕ್ಷಣ ಬಲ್ಬ್ ಆರಿತಾ? ಶಾರ್ಟ್ ಇರುವುದು ಸೆಟ್ ಒಳಗೆ. ಎಳೆದರೂ ಉರಿಯುತ್ತಿದೆಯಾ? ಸೆಟ್ ಪಾಪ ಏನೂ ಮಾಡಿಲ್ಲ, ಕಾರಿನ ವೈರಿಂಗ್ ನೋಡಿ. ಲೈಟರ್ ಸಾಕೆಟ್ ಕಳಚಿ, ಯುಎಸ್‌ಬಿ ಚಾರ್ಜರ್ ಕಳಚಿ, ವೈರ್ ಕಂತೆಯನ್ನು ಮೆಲ್ಲಗೆ ಅಲುಗಾಡಿಸಿ. ಬಲ್ಬ್ ಮಿಣಕ್ ಅಂದ ಜಾಗದಲ್ಲೇ ಸಿಪ್ಪೆ ಕಿತ್ತ ವೈರ್ ಸಿಗುತ್ತದೆ. ನನ್ನ ಕಾರಿನಲ್ಲಿ ಕನೆಕ್ಟರ್ ಎಳೆದ ತಕ್ಷಣ ಬಲ್ಬ್ ಆರಿತು. ಹಾಗಾಗಿ ಶಾರ್ಟ್ ಸೆಟ್ ಒಳಗೇ ಇದೆ ಅಂತ ಖಾತ್ರಿಯಾಯಿತು.

ಮೀಟರ್ 12 ತೋರಿಸಿದರೂ ಸಾಲದು

ಫ್ಯೂಸ್ ಸರಿ ಇದೆ, ಹಳದಿಯಲ್ಲಿ 12 ವೋಲ್ಟ್ ಇದೆ, ಕೆಂಪಿನಲ್ಲೂ ಇದೆ. ಆದರೂ ಸೆಟ್ ಏಳುತ್ತಿಲ್ಲ. 'ಕರೆಂಟ್ ಬರ್ತಿದೆ ಅಲ್ವಾ, ಹಾಗಾದ್ರೆ ಸೆಟ್ಟೇ ಹೋಗಿದೆ' ಅಂತ ಇಲ್ಲಿ ಕೈಬಿಡುವವರೇ ಜಾಸ್ತಿ. ಇದೇ ತಪ್ಪು ತೀರ್ಮಾನದಿಂದ ಎಷ್ಟು ಒಳ್ಳೆಯ ಸೆಟ್‌ಗಳು ಬದಲಾಗಿವೆಯೋ.

ಡಿಜಿಟಲ್ ಮೀಟರ್ ವೋಲ್ಟೇಜ್ ನೋಡುವಾಗ ಕರೆಂಟನ್ನು ಬಳಸುವುದೇ ಇಲ್ಲ ಅನ್ನಬಹುದು. ಸಾಮಾನ್ಯ ಮೀಟರಿನ ಒಳಗಿನ ತಡೆ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್ (ಓಮ್ ಅಂದರೆ ತಡೆಯ ಅಳತೆ). 12 ವೋಲ್ಟ್‌ಗೆ ಅದು ಎಳೆಯುವುದು ಒಂದು ಆಂಪಿಯರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈಗ ವೈರಿನ ಒಂದು ಜೋಡಣೆಯಲ್ಲಿ ಕಿಲುಬು ಹಿಡಿದಿದೆ ಅಥವಾ ಶಾರ್ಟ್ ಆದಾಗ ಪಿನ್ ಬೆಂದಿದೆ ಅಂದುಕೊಳ್ಳಿ. ಅಲ್ಲಿ 10 ಓಮ್ ತಡೆ ಬಂದಿದೆ. ಮೀಟರಿನ ಆ ಪುಟ್ಟ ಕರೆಂಟ್‌ಗೆ ಈ ತಡೆ ಗೊತ್ತೇ ಆಗುವುದಿಲ್ಲ. ಮೀಟರ್ ಪ್ರಾಮಾಣಿಕವಾಗಿ 12 ಅಂತ ತೋರಿಸುತ್ತದೆ. ಸ್ಟೀರಿಯೊ ಒಂದು ಆಂಪಿಯರ್ ಕೇಳಲಿ ನೋಡಿ. ಒಂದು ಆಂಪಿಯರ್, ಹತ್ತು ಓಮ್: ಹತ್ತು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಸೆಟ್‌ಗೆ ಉಳಿಯುವುದು ಎರಡು. ಅದು ಏಳುವುದಾದರೂ ಹೇಗೆ?

ಇಲ್ಲೂ ಅದೇ 21 ವ್ಯಾಟ್ ಬಲ್ಬ್ ಕೆಲಸಕ್ಕೆ ಬರುತ್ತದೆ. ಸೆಟ್‌ನ ಕನೆಕ್ಟರ್ ಕಳಚಿ, ಕಾರಿನ ಕಡೆಯ ಹಳದಿ ಮತ್ತು ಕಪ್ಪು ಪಿನ್ ನಡುವೆ ಬಲ್ಬ್ ಹಿಡಿಯಿರಿ. ಚೆನ್ನಾಗಿ ಉರಿದರೆ ಆ ಎರಡೂ ವೈರ್ ನಿಜವಾಗಿ ಭಾರ ಹೊರುತ್ತಿವೆ. ಆ 10 ಓಮ್ ತಡೆ ಇದ್ದರೆ ಬಲ್ಬ್‌ಗೆ 5 ವೋಲ್ಟ್‌ಗಿಂತ ಜಾಸ್ತಿ ಸಿಗುವುದಿಲ್ಲ, ಮಂಕಾಗಿರುತ್ತದೆ. ಮಂಕಾದರೆ ಬಲ್ಬಿನ ಕಪ್ಪು ಕಡೆಯ ವೈರನ್ನು ಕನೆಕ್ಟರ್ ಬಿಟ್ಟು ನೇರ ಬಾಡಿಯ ಬರಿ ಲೋಹಕ್ಕೆ ಒತ್ತಿ. ಈಗ ಝಗ್ ಅಂದರೆ ಕೆಟ್ಟಿರುವುದು ಅರ್ಥ್ ವೈರ್. ಆಗಲೂ ಮಂಕಾಗಿದ್ದರೆ ಹಳದಿ ವೈರ್ ಹುಡುಕಿ. ಕೆಂಪು ವೈರ್‌ಗೂ ಇದೇ ಪರೀಕ್ಷೆ.

ಸೆಟ್ ಹಾಡುತ್ತಿದೆ, ಆದರೆ ಸದ್ದು ಏರಿಸಿದರೆ ಆಫ್ ಆಗುತ್ತದೆ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಸದ್ದು ಜೋರಾಗಿಟ್ಟು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಸೆಟ್ ಹಿಂದಿನ ಕಪ್ಪು ವೈರ್‌ಗೆ ಹಿಡಿಯಿರಿ. ಎರಡೂ ಅರ್ಥ್, ಹಾಗಾಗಿ ಸೊನ್ನೆ ಬರಬೇಕು. 0.1, 0.2 ವೋಲ್ಟ್‌ವರೆಗೆ ಸರಿ. ಒಂದು ವೋಲ್ಟ್ ಬಂದರೆ ಅರ್ಥ್ ಸರಿ ಇಲ್ಲ. ಬಾಡಿಗೆ ಕೂರಿಸಿದ ಸ್ಕ್ರೂ ಬಿಚ್ಚಿ ಬಣ್ಣ, ತುಕ್ಕು ಕೆರೆದು ಮತ್ತೆ ಬಿಗಿ ಮಾಡಿ.

ಅರ್ಥ್ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತಿದ್ದೇನೆ, ಕಾರಣ ಇದೆ. ಕಪ್ಪು ವೈರ್ ಕಡಿದರೂ ಕೆಲವು ಸೆಟ್ ಹಾಡುತ್ತಲೇ ಇರುತ್ತವೆ. ಕರೆಂಟ್ ವಾಪಸ್ ಹೋಗಲು ಬೇರೆ ದಾರಿ ಹಿಡಿಯುತ್ತದೆ. ಆಂಟೆನಾ ಕೇಬಲ್‌ನ ಹೊರಗಿನ ಜಾಲರಿ ಬಾಡಿಗೆ ಸೇರಿರುತ್ತದೆ. ಹೊರಗೆ ಆಂಪ್ಲಿಫೈಯರ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಇದ್ದರೆ ಅದಕ್ಕೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್‌ನ ಜಾಲರಿ ಇದೆ. ಪಾಪ, ಅವು ಬರೀ ಸಿಗ್ನಲ್‌ಗೆ ಮಾಡಿದವು. ಕರೆಂಟ್ ಹರಿದರೆ ಸೆಟ್ ಒಳಗಿನ ಕೂದಲೆಳೆಯಂಥ ತಾಮ್ರದ ದಾರಿ ಸುಟ್ಟುಹೋಗುತ್ತದೆ. ಆಮೇಲೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಗುಂಯ್ ಸದ್ದು ಸ್ಪೀಕರ್‌ನಲ್ಲಿ ಸೇರಿಕೊಳ್ಳುತ್ತದೆ. ಎಡವಟ್ಟಾದ ದಿನದಿಂದ ಈ ಸದ್ದು ಶುರುವಾಗಿದ್ದರೆ ಮೊದಲು ಕಪ್ಪು ವೈರ್ ನೋಡಿ. ಸೆಟ್ ಬಿಚ್ಚುವಾಗ ಪವರ್ ಇರುವಾಗಲೇ ಆರ್‌ಸಿಎ ಎಳೆಯುವುದು, ಸಿಕ್ಕಿಸುವುದು ಮಾಡಬೇಡಿ.

ದೀಪ ಇದೆ, ಸದ್ದಿಲ್ಲ

ಸೆಟ್ ಎದ್ದಿದೆ, ಪರದೆ ಬೆಳಗುತ್ತಿದೆ, ಹಾಡಿನ ಹೆಸರೂ ಓಡುತ್ತಿದೆ. ಸದ್ದು ಮಾತ್ರ ಇಲ್ಲ. ಅಂದರೆ ಪವರ್ ಕಥೆ ಮುಗಿಯಿತು, ಸ್ಪೀಕರ್ ಕಥೆ ಶುರುವಾಯಿತು.

ಇವತ್ತಿನ ಸೆಟ್‌ಗಳ ಒಳಗಿನ ಆಂಪ್ಲಿಫೈಯರ್‌ನಲ್ಲಿ ಸ್ಪೀಕರ್‌ನ ಎರಡು ವೈರ್‌ಗಳಲ್ಲಿ ಯಾವುದೂ ಅರ್ಥ್ ಅಲ್ಲ. ಎರಡನ್ನೂ ಚಿಪ್ ಓಡಿಸುತ್ತದೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ, ಗರಗಸದ ಎರಡು ತುದಿ ಹಿಡಿದ ಇಬ್ಬರ ಹಾಗೆ. ಹಾಡಿಲ್ಲದಾಗ ಎರಡೂ ಬ್ಯಾಟರಿಯ ಅರ್ಧ ವೋಲ್ಟೇಜ್‌ನಲ್ಲಿ, ಅಂದರೆ ಸುಮಾರು 6-7 ವೋಲ್ಟ್‌ನಲ್ಲಿ ನಿಂತಿರುತ್ತವೆ. ಎರಡೂ ಕಡೆ ಒಂದೇ ವೋಲ್ಟೇಜ್ ಆದ್ದರಿಂದ ಸ್ಪೀಕರ್ ಮೂಲಕ ಏನೂ ಹರಿಯುವುದಿಲ್ಲ. ಇದು ತಿಳಿಯದೆ ಸ್ಪೀಕರ್‌ನ ಮೈನಸ್ ವೈರನ್ನು ಬಾಡಿಗೆ ಕೊಡುವವರಿದ್ದಾರೆ. ಬಾಗಿಲಿನ ಹಿಂಜಿನಲ್ಲಿ ವೈರ್ ಸವೆದು ಬಾಡಿಗೆ ತಾಗಿದರೂ ಅದೇ ಕಥೆ. ಚಿಪ್ ಕೂಡಲೇ ತನ್ನನ್ನು ಕಾಪಾಡಿಕೊಳ್ಳಲು ಸದ್ದು ನಿಲ್ಲಿಸುತ್ತದೆ. ಕೆಲವು ಸೆಟ್ ಪರದೆ ಮೇಲೆ 'ಪ್ರೊಟೆಕ್ಟ್' ಅಥವಾ 'ಡಿಸಿ ಆಫ್‌ಸೆಟ್' ಅಂತ ಬರೆಯುತ್ತವೆ.

ಎಂಟೂ ಸ್ಪೀಕರ್ ವೈರ್ ಸೆಟ್‌ನಿಂದ ಕಳಚಿ. ಸಂದೇಶ ಮಾಯವಾದರೆ ತಪ್ಪು ಹೊರಗಿನ ವೈರಿಂಗ್‌ನಲ್ಲಿದೆ. ಹಾಗೇ ಉಳಿದರೆ ಚಿಪ್ ಹೋಗಿದೆ. ಇನ್ನೂ ಖಚಿತ ಬೇಕಾದರೆ ಸ್ಪೀಕರ್ ಕಳಚಿಕೊಂಡೇ ಇರಲಿ, ಸದ್ದು ಸೊನ್ನೆಗಿಳಿಸಿ, ಸೆಟ್‌ನಿಂದ ಹೊರಡುವ ಒಂದೊಂದು ಸ್ಪೀಕರ್ ವೈರ್‌ಗೂ ಅರ್ಥ್‌ಗೂ ನಡುವೆ ಮೀಟರ್ ಹಿಡಿಯಿರಿ. ಬಹುಪಾಲು ಸೆಟ್‌ಗಳಲ್ಲಿ ಎಂಟರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು. ಒಂದರಲ್ಲಿ ಮಾತ್ರ ಸೊನ್ನೆ ಅಥವಾ ಪೂರ್ತಿ 12 ಬಂದರೆ ಆ ಚಾನೆಲ್ ಸುಟ್ಟಿದೆ. ಅದಕ್ಕೆ ಸ್ಪೀಕರ್ ಸೇರಿಸಬೇಡಿ. 6 ವೋಲ್ಟ್ ನೇರವಾಗಿ 4 ಓಮ್ ಸ್ಪೀಕರ್‌ಗೆ ಹೋದರೆ ಒಂದೂವರೆ ಆಂಪಿಯರ್ ಬಿಡದೆ ಹರಿಯುತ್ತದೆ. ಕೋನ್ ಒಂದು ಕಡೆಗೆ ಉಬ್ಬಿ ನಿಲ್ಲುತ್ತದೆ, ಸುರುಳಿ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ.

ಸ್ಪೀಕರ್ ಪರೀಕ್ಷೆ ಸುಲಭ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಂದು ಕಳಚಿದ ಸ್ಪೀಕರ್ ವೈರ್‌ಗೆ ಒಂದು ಕ್ಷಣ ತಾಗಿಸಿ. ಟಪ್ ಅಂದರೆ ಬದುಕಿದೆ. ಮೀಟರ್‌ನಲ್ಲಿ 4 ಓಮ್ ಸ್ಪೀಕರ್ ಮೂರೂ ಚಿಲ್ಲರೆ ಓಮ್ ತೋರಿಸುತ್ತದೆ.

ಹೊರಗೆ ಆಂಪ್ಲಿಫೈಯರ್ ಇರುವವರು ನೀಲಿ-ಬಿಳಿ ವೈರ್ ನೋಡಿ. ಸೆಟ್ ಆನ್ ಆದಾಗ ಅದರಲ್ಲಿ 12 ವೋಲ್ಟ್ ಬಂದು ಆಂಪ್ಲಿಫೈಯರ್ ಏಳಿಸಬೇಕು. ಈ ವೈರ್ ಬಹಳ ಸೂಕ್ಷ್ಮ. ಬಾಡಿಗೆ ಒಮ್ಮೆ ತಾಗಿದರೂ ಒಳಗಿನ ಪುಟ್ಟ ಟ್ರಾನ್ಸಿಸ್ಟರ್ ಸುಡಬಹುದು.

ಕೈ ಹಾಕಬಾರದ ಜಾಗ

ಹೊಸ ಕಾರುಗಳಲ್ಲಿ ಕೆಂಪು ವೈರೇ ಇಲ್ಲದಿರಬಹುದು. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಬಸ್ ಅನ್ನುವ ವ್ಯವಸ್ಥೆ ಈಗಿನ ಬಹುತೇಕ ಕಾರುಗಳಲ್ಲಿ ಇದೆ. ಎರಡು ಹೆಣೆದ ವೈರ್‌ಗಳಲ್ಲಿ ಸಂದೇಶ ಓಡುತ್ತದೆ. 'ಕೀ ಆನ್ ಆಗಿದೆ' ಅನ್ನುವ ಸುದ್ದಿಯೂ ಸ್ಟೀರಿಯೊಗೆ ಅದರಲ್ಲೇ ಬರುತ್ತದೆ. ಆ ವೈರ್‌ಗಳಿಗೆ ಬಲ್ಬ್ ಹಿಡಿಯಬೇಡಿ. 2001ರ ಬಿಎಂಡಬ್ಲ್ಯು 7 ಸೀರೀಸ್‌ನಿಂದ ಶುರುವಾಗಿ ಹಲವು ದುಬಾರಿ ಕಾರುಗಳಲ್ಲಿ ಮೋಸ್ಟ್ ಅನ್ನುವ, ಬೆಳಕಿನಲ್ಲಿ ಸಂದೇಶ ಒಯ್ಯುವ ತಂತಿಯ (ಆಪ್ಟಿಕಲ್ ಫೈಬರ್) ಬಳೆ ಬಂತು. ಸ್ಟೀರಿಯೊ, ಆಂಪ್ಲಿಫೈಯರ್, ನ್ಯಾವಿಗೇಷನ್ ಎಲ್ಲ ಒಂದೇ ಬಳೆಯಲ್ಲಿ ಸಾಲಾಗಿ ಕೂತಿರುತ್ತವೆ. ಒಂದು ಸತ್ತರೆ ಬಳೆ ಮುರಿದು ಎಲ್ಲವೂ ಮೌನ. ಡಿಕ್ಕಿಯಲ್ಲಿ ಆಂಪ್ಲಿಫೈಯರ್ ನೀರು ಕುಡಿದು ಕೆಟ್ಟರೆ ಮುಂದಿನ ಸ್ಟೀರಿಯೊ ಸತ್ತ ಹಾಗೆ ಕಾಣುತ್ತದೆ. ಅಂಥ ಕಾರಿಗೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರೇ ಬೇಕು.

ಸ್ಟೀರಿಯೊಗೆ ಬರುವ ಒಂಟಿ ಹಳದಿ ವೈರ್ ಬಿಟ್ಟು, ಬೇರೆ ಕಡೆ ಹಳದಿ ಕನೆಕ್ಟರ್ ಅಥವಾ ಹಳದಿ ಹೊದಿಕೆಯ ವೈರ್ ಕಂತೆ ಕಂಡರೆ ಅದು ಏರ್‌ಬ್ಯಾಗ್‌ನದ್ದು ಅಂತ ತಿಳಿಯಿರಿ. ಮುಟ್ಟಬೇಡಿ, ಮೀಟರ್ ಕೂಡ ಹಿಡಿಯಬೇಡಿ. ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯಿರಿ, ಕಾರಿನ ಕೈಪಿಡಿಯಲ್ಲಿ ಎಷ್ಟು ಹೊತ್ತು ಅಂತ ಇರುತ್ತದೆ. ಕಳಚುವಾಗ ಮೊದಲು ನೆಗೆಟಿವ್. ಅದು ಕಳಚಿದ್ದರೆ ಆಮೇಲೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.

ಸೆಟ್ ಒಳಗೆ

ಬಲ್ಬ್ ಪರೀಕ್ಷೆಯಲ್ಲಿ ಶಾರ್ಟ್ ಸೆಟ್ ಒಳಗೇ ಅಂತ ಗೊತ್ತಾಯಿತು, ಎಡವಟ್ಟು ಉಲ್ಟಾ ಕೇಬಲ್‌ನದ್ದು. ಬೆಸುಗೆ ಹಾಕಿ ಅಭ್ಯಾಸ ಇರುವವರು ಈಗ ಮುಚ್ಚಳ ತೆಗೆಯಬಹುದು. ಪವರ್ ವೈರ್ ಒಳಗೆ ಬರುವ ಜಾಗದ ಪಕ್ಕದಲ್ಲೇ ಕಪ್ಪು ಕೊಳವೆಯಂಥ ಒಂದು ಭಾಗ ಕಾಣುತ್ತದೆ. ಒಂದು ತುದಿಯಲ್ಲಿ ಬಿಳಿ ಪಟ್ಟಿ. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಎರಡೂ ದಿಕ್ಕಿನಲ್ಲಿ ನೋಡಿ. ಎರಡೂ ಕಡೆ ಸೊನ್ನೆಯ ಹತ್ತಿರ ಬಂದು ಬೀಪ್ ಅಂದರೆ ಅದರ ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಿ ಮತ್ತೆ ನೋಡಿ. ಆಗಲೂ ಬೀಪ್ ಅಂದರೆ ಸತ್ತದ್ದು ಅದೇ. ಡಯೋಡ್‌ನಲ್ಲಿ ಬೀಪ್ ನಿಂತು, ಬೋರ್ಡಿನ ಕಡೆ ಶಾರ್ಟ್ ಉಳಿದಿದ್ದರೆ ಆಂಪ್ಲಿಫೈಯರ್ ಚಿಪ್ ಮೇಲೆ ಅನುಮಾನ ಪಡಬೇಕು. ಎಡವಟ್ಟು 24 ವೋಲ್ಟ್‌ನದ್ದಾಗಿದ್ದರೆ ತಲೆ ಉಬ್ಬಿದ ಕೆಪಾಸಿಟರ್ ಇದೆಯಾ ನೋಡಿ. 16 ವೋಲ್ಟ್ ಅಂತ ಬರೆದವು ಮೊದಲು ಹೋಗುತ್ತವೆ.

ಸತ್ತ ಡಯೋಡ್ ಕಿತ್ತು ಹಾಗೇ ಬಿಟ್ಟರೂ ಸೆಟ್ ಹಾಡುತ್ತದೆ. ಬಹಳ ಜನ ಅಷ್ಟಕ್ಕೇ ಮುಚ್ಚಿಬಿಡುತ್ತಾರೆ. ಹಾಗೆ ಮಾಡಬೇಡಿ. ಇನ್ನೊಮ್ಮೆ ಕೇಬಲ್ ಉಲ್ಟಾ ಆದರೆ ಅಡ್ಡ ನಿಲ್ಲಲು ಅಲ್ಲಿ ಯಾರೂ ಇರುವುದಿಲ್ಲ. ಅದರ ಮೈಮೇಲಿನ ನಂಬರ್ ನೋಡಿ ಅದೇ ತಂದು, ಬಿಳಿ ಪಟ್ಟಿ ಇದ್ದ ದಿಕ್ಕಿಗೇ ಹಾಕಿ. ಪಟ್ಟಿ ಯಾವ ಕಡೆಗಿತ್ತು ಅಂತ ಕೀಳುವ ಮೊದಲೇ ಫೋನ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ನಾನು ಹೊಸ ಡಯೋಡ್ ಹಾಕಿದ ಮೇಲೂ ನೇರ ಫ್ಯೂಸ್ ಹಾಕಲಿಲ್ಲ. ಮೊದಲು ಅದೇ ಬಲ್ಬ್ ಸಿಕ್ಕಿಸಿ ಕನೆಕ್ಟರ್ ಜೋಡಿಸಿದೆ. ಬಲ್ಬ್ ಉರಿಯಲಿಲ್ಲ. ಕೀ ತಿರುಗಿಸಿ ಸೆಟ್ ಒತ್ತಿದಾಗ ಬಲ್ಬಿನ ತಂತಿ ಕೆಂಡದ ಹಾಗೆ ಸಣ್ಣಗೆ ಕೆಂಪಾಯಿತು, ಪರದೆ ಬೆಳಗಿತು. ಆಮೇಲೆ ಬಲ್ಬ್ ತೆಗೆದು 10 ಆಂಪಿಯರಿನ ಕೆಂಪು ಫ್ಯೂಸ್ ಹಾಕಿದೆ.